ಲೈವ್‌ನಲ್ಲಿ ತಿರುಗಿ ನೋಡಿದ್ದು

ಟಿವಿ ವರದಿಗಾರರು ತಾವು ಹೇಳುತ್ತಿರುವ ಸುದ್ದಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಹಿಂದೆ ಲಾರಿ ಉರಿಯುತ್ತಿರುತ್ತದೆ, ನಾವು ಕ್ಯಾಮೆರಾ ನೋಡಿಕೊಂಡು ಮಾತಾಡುತ್ತಿರುತ್ತೇವೆ. ವರ್ಷಗಟ್ಟಲೆ ಹಾಗೆ ನಿಂತಿದ್ದ ನನಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ, ಬಿಕ್ಕೋಡಿನ ಹತ್ತಿರ ಆನೆ ಬಂದ ಆ ಬೆಳಿಗ್ಗೆಯವರೆಗೆ.

ಒಂಟಿ ಆನೆ ಕಾಫಿ ತೋಟದ ಬೇಲಿಯ ಒಳಗಡೆ ನಿಂತಿತ್ತು. ಅರಣ್ಯ ಇಲಾಖೆಯವರು ಪಟಾಕಿ ಹಿಡಿದು ಕಾಯುತ್ತಿದ್ದರು. ರಸ್ತೆ ತುಂಬ ಜನ. ನಾನು ಆನೆಗೆ ಬೆನ್ನು ಮಾಡಿ ನಿಂತೆ. ಎದುರಿಗೆ ನಮ್ಮ ಕ್ಯಾಮೆರಾಮನ್, ಹಳೇಬೀಡಿನ ಕಡೆಯವರು. ವಯಸ್ಸಿನಲ್ಲಿ ನನಗಿಂತ ದೊಡ್ಡವರಾದ್ದರಿಂದ ಅಣ್ಣ ಎಂದೇ ಕರೆಯುತ್ತಿದ್ದೆ. ಕಿವಿಯಲ್ಲಿ ಬೆಂಗಳೂರಿನ ಸ್ಟುಡಿಯೋ ಕೇಳಿತು: "ಸದ್ಯ ಅಲ್ಲಿನ ಪರಿಸ್ಥಿತಿ ಹೇಗಿದೆ?" ಸದ್ಯಕ್ಕೆ ಆನೆ ಶಾಂತವಾಗಿದೆ ಎಂದೆ. ಜನ ಓಡಿ ಓಡಿ ಎಂದು ಕೂಗಿದ್ದು ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ನನಗೆ ತಿಳಿಯಲಿಲ್ಲ. ಬೇಲಿಯ ತಂತಿ ಕಿತ್ತ ಸದ್ದು ಕೇಳುವ ಹೊತ್ತಿಗೆ ಅಣ್ಣ ನನ್ನ ತೋಳು ಹಿಡಿದು ಚರಂಡಿಗೆ ಎಳೆದಾಗಿತ್ತು. ಆನೆ ನಮ್ಮ ಪಕ್ಕದಲ್ಲೇ ರಸ್ತೆ ದಾಟಿತು. ಅಷ್ಟು ದೊಡ್ಡ ಕಾಲು ಟಾರಿನ ಮೇಲೆ ಸದ್ದನ್ನೇ ಮಾಡಲಿಲ್ಲ, ಉಸಿರು ಮಾತ್ರ ಕೇಳಿತು. ಆಚೆಯ ತೋಟಕ್ಕೆ ನುಗ್ಗಿ ಹೊರಟುಹೋಯಿತು. ಯಾರಿಗೂ ಏನೂ ಆಗಲಿಲ್ಲ.

ಆ ವಿಡಿಯೋವನ್ನು ಈಗಲೂ ನೋಡುತ್ತೇನೆ, ನೋಡಬಾರದು ಅಂದುಕೊಂಡೇ ನೋಡುತ್ತೇನೆ. ಅದರಲ್ಲಿ ಆನೆ ಕೊನೆಯ ಗಳಿಗೆಯವರೆಗೂ ದೂರದಲ್ಲೇ ಇದ್ದಂತೆ ಕಾಣುತ್ತದೆ. ಒಮ್ಮೆ ಕೇಳಿದಾಗ ಅಣ್ಣ ತಲೆ ತಗ್ಗಿಸಿಕೊಂಡು ಹೇಳಿದರು: "ಲೆನ್ಸು ವೈಡಲ್ಲಿತ್ತು ಕಣಮ್ಮ. ಜನಾನೂ ಕಾಣ್ಲಿ ಅಂತ ಇಟ್ಕಂಡಿದ್ದೆ. ಅದ್ರಲ್ಲಿ ಎಲ್ಲಾ ದೂರ ದೂರ ಕಾಣ್ತದೆ. ಇನ್ನೂ ಅಲ್ಲೇ ಐತೆ ಬಿಡು ಅಂತ ನಿಂತಿದ್ದೆ. ಕಣ್ಣು ಈಚೆ ತೆಗೀತೀನಿ, ಇಲ್ಲೇ ಐತೆ!"

ಸ್ವಲ್ಪ ದಿನಗಳ ನಂತರ ಬೇಲೂರು ದೇವಸ್ಥಾನದ ಮುಂದೆ ಲೈವ್ ಇತ್ತು. ರಜೆಯಲ್ಲಿ ಪ್ರವಾಸಿಗರು ಹೆಚ್ಚಾಗಿದ್ದಾರೆ ಎಂಬ ಸಣ್ಣ ಸುದ್ದಿ. ವಾಕ್ಯದ ನಡುವೆ ನಾನು ಗಕ್ಕನೆ ತಿರುಗಿ ಹಿಂದೆ ನೋಡಿದೆ. ಹಿಂದೆ ಇದ್ದದ್ದು ಸೌತೆಕಾಯಿ ಗಾಡಿ. ಮುಂದಿನ ಮಾತು ಮರೆತುಹೋಯಿತು. ಅದಾದ ಮೇಲೆ ಅಣ್ಣ ಹೋದಲ್ಲೆಲ್ಲ ನನ್ನ ಬೆನ್ನಿಗೆ ಗೋಡೆ ಹುಡುಕಲು ಶುರು ಮಾಡಿದರು. ಶಾಲೆಯ ಗೋಡೆ, ತಾಲ್ಲೂಕು ಕಚೇರಿಯ ಗೋಡೆ, ಬೀಗ ಹಾಕಿದ ಅಂಗಡಿಯ ಬಾಗಿಲು. "ಏನ್ರೀ, ನಿಮ್ಮ ಜಿಲ್ಲೇಲಿ ಗೋಡೆ ಬಿಟ್ಟು ಬೇರೇನೂ ಇಲ್ವಾ?" ಎಂದು ಬೆಂಗಳೂರಿನಿಂದ ಫೋನ್ ಬಂತು. ಅರೇಹಳ್ಳಿ ರಸ್ತೆಯಲ್ಲಿ ಬಸ್ಸು ಮಗುಚಿದ ದಿನ ಗೋಡೆ ಸಿಗಲಿಲ್ಲ. ನಾನು ಮತ್ತೆ ಮತ್ತೆ ತಿರುಗಿದೆ. ಕೊನೆಗೆ ಸ್ಟುಡಿಯೋದವರೇ ನನ್ನನ್ನು ನಡುವೆ ಬಿಟ್ಟು ಬೇರೆ ಸುದ್ದಿಗೆ ಹೋದರು. ಬಯಲಿನಲ್ಲಿ ನಿಂತು ನಾಲ್ಕು ಮಾತು ನೆಟ್ಟಗೆ ಆಡಲು ಇನ್ನು ನನ್ನಿಂದ ಆಗುತ್ತದೋ ಇಲ್ಲವೋ ಎಂಬ ಭಯ ಅಂದಿನಿಂದ ಹಿಡಿಯಿತು. ನನಗೆ ಗೊತ್ತಿದ್ದ ಕೆಲಸ ಅದೊಂದೇ.

ಅರಸೀಕೆರೆಯ ಹೊರಗಿನ ಕೊಬ್ಬರಿ ಪುಡಿ ಕಾರ್ಖಾನೆಯೊಂದು ಸಾರ್ವಜನಿಕ ಸಂಪರ್ಕಕ್ಕೆ ಜನ ಹುಡುಕುತ್ತಿದೆ ಎಂದು ತಿಳಿದಾಗ ಮೊದಲು ಅಣ್ಣನಿಗೇ ಹೇಳಿದೆ. "ಹೋಗಮ್ಮ. ಮೈಕ್ ಹಿಡಿದು ಬೈಟ್ ಕೇಳೋಳು ಆಗಿದ್ದೆ, ಇನ್ನು ಮೈಕ್ ಮುಂದೆ ಬೈಟ್ ಕೊಡೋಳು ಆಗ್ತೀಯ. ಪ್ರೆಸ್ ಮೀಟಲ್ಲಿ ಉಪ್ಪಿಟ್ಟು ಮಾತ್ರ ತಣ್ಣಗೆ ಕೊಡ್ಬೇಡ," ಎಂದರು.

ಹೊಸ ಕೆಲಸದಲ್ಲಿ ಕುರ್ಚಿ ಇತ್ತು, ಕುರ್ಚಿಯ ಹಿಂದೆ ಗೋಡೆಯಿತ್ತು. ಪ್ರಕಟಣೆ ಬರೆಯುತ್ತಿದ್ದೆ, ಪತ್ರಿಕೆಯವರಿಗೆ ಫೋನ್ ಮಾಡುತ್ತಿದ್ದೆ. ನಿನ್ನೆಯವರೆಗೆ ಜೊತೆಗಿದ್ದವರು ಈಗ ಫೋನೆತ್ತಿ "ಹೇಳಿ ಮೇಡಂ" ಎನ್ನುವಾಗ ಸ್ವಲ್ಪ ಪಿಚ್ಚೆನಿಸುತ್ತಿತ್ತು. ರಾತ್ರಿ ನಿದ್ದೆ ಮಾತ್ರ ಬರತೊಡಗಿತ್ತು.

ಮಳೆಗಾಲದಲ್ಲಿ ಕಾರ್ಖಾನೆಯ ಹಿಂದಿನ ತೊಟ್ಟಿ ಒಡೆಯಿತು. ತೆಂಗಿನಕಾಯಿ ಒಡೆದಾಗ ಬೀಳುವ ನೀರು, ತೊಳೆದ ನೀರು ಎಲ್ಲ ಅಲ್ಲಿ ಹುಳಿಯುತ್ತಾ ನಿಂತಿರುತ್ತದೆ. ಅದಷ್ಟೂ ಪಕ್ಕದ ರಾಗಿ ಹೊಲಕ್ಕೆ ಹರಿಯಿತು. ಬೆಳಿಗ್ಗೆ ಊರವರು ಗೇಟಿನ ಮುಂದೆ ಕೂತರು, ಅವರ ಹಿಂದೆಯೇ ಚಾನೆಲ್‌ನವರು ಬಂದರು. ಅಣ್ಣನೂ ಬಂದಿದ್ದರು.

ಕಾರ್ಖಾನೆಯ ಯಜಮಾನರು ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುನ್ನವೇ ಓಡಿಬಂದಿದ್ದರು. "ನೋಡಮ್ಮ, ನಾನು ಬಾಯಿ ಬಿಟ್ರೆ ಜಗಳ ಆಗ್ತದೆ. ತಪ್ಪು ನಮ್ದೇ. ನೀನೇ ಹೇಳ್ಬಿಡು." ಎಲ್ಲರೂ ಒಳಗೆ ಬನ್ನಿ, ಕೂತು ಮಾತಾಡೋಣ ಎಂದೆ. ಹೊಲದ ಒಡೆಯ ಟವೆಲ್ ಕೊಡವಿ ಎದ್ದು ನಿಂತ. "ಒಳಗೆ ಫ್ಯಾನ್ ಕೆಳಗೆ ಕೂತ್ಕಂಡು ಏನ್ ಹೇಳೀರಿ? ನಮ್ಮ ಹೊಲ್ದಾಗೆ ನಿಂತ್ಕಂಡು ಹೇಳಿ, ವಾಸನೆ ಕುಡ್ಕಂಡು ಹೇಳಿ."

ಹೋಗಲೇಬೇಕಾಯಿತು. ಹೊಲದಲ್ಲಿ ಹುಳಿ ನಾತ, ಕಾಲಿಗೆ ಕೆಸರು. ಅಣ್ಣ ಸುತ್ತ ಒಮ್ಮೆ ಕಣ್ಣಾಡಿಸಿದರು. ಎಲ್ಲೂ ಗೋಡೆಯಿರಲಿಲ್ಲ. ಮೈಕುಗಳು ಮುಂದೆ ಬಂದವು.

"ನಮ್ಮ ಕಾರ್ಖಾನೆಯ ತೊಟ್ಟಿ ಒಡೆದು..." ಎನ್ನುವಷ್ಟರಲ್ಲಿ ಬೆನ್ನ ಹಿಂದೆ ಏನೋ ಸರಕ್ಕೆಂದಿತು. ತಿರುಗಿದೆ. ಕೆಸರಿಗೆ ಬಿದ್ದ ಒಣ ತೆಂಗಿನ ಗರಿ.

"ಅತ್ಲಾಗೆ ಏನ್ ನೋಡ್ತೀರಿ ತಾಯಿ? ಹಾಳಾಗಿರೋದು ಇತ್ಲಾಗೆ!" ಎಂದ ಹೊಲದವನು. ಮೈಕು ಹಿಡಿದವರು ನಕ್ಕರು. ಮತ್ತೆ ಶುರು ಮಾಡಿದೆ, ಮತ್ತೆ ತಿರುಗಿದೆ.

ಅಣ್ಣ ಕ್ಯಾಮೆರಾದಿಂದ ಮುಖ ಎತ್ತಿದರು. "ಇದೇನು ಲೈವ್ ಅಲ್ಲ ಕಣಮ್ಮ. ನೋಡ್ಕೊ, ಎಷ್ಟು ಬೇಕೋ ಅಷ್ಟು ನೋಡ್ಕೊ. ಆಮೇಲೆ ಮೊದ್ಲಿಂದ ಹೇಳು. ನಾವೇನ್ ಬಸ್ ಹಿಡೀಬೇಕಾ?"

ಪೂರ್ತಿ ತಿರುಗಿ ನಿಂತು ನೋಡಿದೆ. ತೆಂಗಿನ ಸಾಲು, ಅದರಾಚೆ ರೈಲು ಹಳಿ, ಮೇಯುತ್ತಿದ್ದ ಎರಡು ಎಮ್ಮೆ. ಯಾರೂ ಅವಸರ ಮಾಡಲಿಲ್ಲ. ಮತ್ತೆ ಈ ಕಡೆ ತಿರುಗಿ, ತೊಟ್ಟಿ ನಮ್ಮದು, ಒಡೆದದ್ದಕ್ಕೆ ನಾವೇ ಹೊಣೆ, ಹೊಲವನ್ನು ಸರಿಮಾಡಿಕೊಡುತ್ತೇವೆ ಎಂದು ಕೊನೆಯವರೆಗೂ ಹೇಳಿದೆ.

"ತೊಟ್ಟಿಗೂ ಹೊಲಕ್ಕೂ ಮಧ್ಯಕ್ಕೊಂದು ಗಟ್ಟಿ ಬದು ಹಾಕಿಸ್ತೀವಿ ಅಂತಾನೂ ಸೇರ್ಸಿ," ಎಂದ ಹೊಲದವನು. ದೂರದಲ್ಲಿ ನಿಂತಿದ್ದ ಯಜಮಾನರ ಕಡೆ ನೋಡಿದೆ. ಅವರು ತಲೆಯಾಡಿಸಿದರು. ಅದನ್ನೂ ಸೇರಿಸಿ ಇನ್ನೊಮ್ಮೆ ಹೇಳಿದೆ. ನಡುವೆ ಒಂದು ಸಲ ತಿರುಗಿದೆ, ನಿಜ. ಈ ಸಲ ಹೊಲದವನೂ ಸುಮ್ಮನೆ ಕಾದ.