ಫ್ರಿಜ್ಜಿನೊಳಗಿನ ಈಥರ್

ನಮ್ಮ ಲ್ಯಾಬಿನ ಮುಖ್ಯಸ್ಥರಿಗೂ ನನಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಅವರು ಧಾರವಾಡದ ಕಡೆಯವರು, ನಾನು ಉಡುಪಿಯ ಕಡೆಯವಳು. ಇಬ್ಬರಿಗೂ ಕನ್ನಡ ಬರುತ್ತಿದ್ದುದರಿಂದ ಜಗಳವಾಡಲು ಅನುಕೂಲವಾಯಿತು, ಅಷ್ಟೆ. ಮುಂಬಯಿಯ ಬೊರಿವಲಿ ಸ್ಟೇಷನ್ನಿನಿಂದ ಪೂರ್ವದ ಕಡೆಗೆ ನಡೆದರೆ ಸಿಗುತ್ತಿದ್ದ ಆ ಸಣ್ಣ ಔಷಧ ಕಾರ್ಖಾನೆಯಲ್ಲಿ ಟಾನಿಕ್, ಮುಲಾಮು, ಕೆಮ್ಮಿನ ಸಿರಪ್ ತಯಾರಾಗುತ್ತಿದ್ದವು. ಅವುಗಳ ಪರೀಕ್ಷೆಗೆ ಸಿಮೆಂಟ್ ಶೀಟು ಹೊದಿಸಿದ ಒಂದು ಉದ್ದನೆಯ ಕೋಣೆ. ಅದರಲ್ಲಿ ನಾವಿಬ್ಬರು ಕೆಮಿಸ್ಟರು ಮತ್ತು ಸೀಸೆ ತೊಳೆಯುವ ಒಬ್ಬ ಮರಾಠಿ ಹೆಂಗಸು. ನನಗೆ ಸಿಕ್ಕಿದ ಕೆಲಸಕ್ಕೆ ಮುಖ್ಯಸ್ಥರು ತಮ್ಮ ಅಕ್ಕನ ಮಗನನ್ನು ತರಬೇಕೆಂದಿದ್ದರು. ಮಾಲೀಕರಾದ ಗುಜರಾತಿ ಸೇಠರು ನನ್ನನ್ನು ತೆಗೆದುಕೊಂಡರು. ಆ ಸಿಟ್ಟು ಅವರಿಗೆ ಕೊನೆಯವರೆಗೂ ಇಳಿಯಲಿಲ್ಲ.

"ಬಾಯಾರ, ನೀವು ಮದುವಿ ಆಗೂತನಾ ಬರ್ತೀರಿ. ಆಮ್ಯಾಲೆ ಇಲ್ಲೆ ಕೆಲಸ ಮಾಡಾವ ನಾನ," ಎಂದು ಅವರು ಮೊದಲ ವಾರವೇ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲೂ ಇಲ್ಲ.

ನಾನು ಗ್ರಾಂಟ್ ರೋಡಿನ, ಸಾಲು ಕೋಣೆಗಳ ಒಂದು ಚಾಳಿನಿಂದ ಬರುತ್ತಿದ್ದೆ. ಅಪ್ಪ ಅಲ್ಲೇ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಬೆಳಿಗ್ಗೆ ಊರೆಲ್ಲ ದಕ್ಷಿಣಕ್ಕೆ, ಫೋರ್ಟಿನ ಆಫೀಸುಗಳ ಕಡೆಗೆ ಇಳಿಯುವಾಗ ನಾನು ಎದುರು ದಿಕ್ಕಿನ ಲೋಕಲ್ ಹತ್ತುತ್ತಿದ್ದುದರಿಂದ ಕುಳಿತುಕೊಳ್ಳಲು ಜಾಗ ಸಿಗುತ್ತಿತ್ತು. ಆ ಕೆಲಸದಲ್ಲಿ ನನಗಿದ್ದ ಸುಖ ಅದೊಂದೇ.

ಸಿರಪ್ಪಿನ ಪರೀಕ್ಷೆಗೆ ಈಥರ್ ಬೇಕಾಗುತ್ತಿತ್ತು. ನೀರಿಗಿಂತ ಹಗುರವಾದ, ಮೂಗಿಗೆ ಸಿಹಿಯಾಗಿ ಹತ್ತುವ ದ್ರವ ಅದು. ಅಂಗೈ ಮೇಲೆ ಒಂದು ಹನಿ ಬಿದ್ದರೆ ತಣ್ಣಗೆ ಕಚ್ಚಿ ಆರಿಹೋಗುತ್ತದೆ. ಆರಿಹೋಯಿತು ಎಂದುಕೊಂಡವನು ಕೆಟ್ಟ. ಅದರ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ಮೇಜಿನ ಮೇಲೆಯೇ ತೆವಳಿ, ಅಂಚಿನಿಂದ ಇಳಿದು, ನೆಲ ಹಿಡಿದು ಹೋಗಿ ಎಲ್ಲೋ ದೂರದಲ್ಲಿರುವ ಬೆಂಕಿಯನ್ನು ಮುಟ್ಟುತ್ತದೆ. ಮುಟ್ಟಿದ ಬೆಂಕಿ ಅದೇ ದಾರಿಯಲ್ಲಿ ಹಿಂದಕ್ಕೆ ಓಡಿಬಂದು ಬಾಟಲಿಗೆ ಹತ್ತುತ್ತದೆ. ಕಾಲೇಜಿನಲ್ಲಿ ನಮಗೆ ಇದನ್ನು ಓದಿಸಿದ್ದಷ್ಟೇ ಅಲ್ಲ, ಒಂದು ಓರೆಯಾದ ತಗಡಿನ ಮೇಲೆ ಮಾಡಿ ತೋರಿಸಿದ್ದರು. ಮುಖ್ಯಸ್ಥರೂ ಓದಿದವರೇ. ಆದರೆ ಓದಿದ್ದನ್ನೆಲ್ಲ ಅವರು ಪರೀಕ್ಷೆ ಪಾಸಾದ ದಿನವೇ ಬಿಟ್ಟುಬಂದಿದ್ದರು.

ಅವರಿಗೆ ಚಹಾ ಹೊರಗಿನಿಂದ ತರಿಸಿದರೆ ಸೇರುತ್ತಿರಲಿಲ್ಲ. ಲ್ಯಾಬಿನ ಬರ್ನರ್ ಹೊತ್ತಿಸಿ, ಗಾಜಿನ ಬೀಕರಿನಲ್ಲಿ ಹಾಲು, ಸಕ್ಕರೆ, ಪುಡಿ ಎಲ್ಲ ಒಟ್ಟಿಗೆ ಹಾಕಿ ಕುದಿಸುತ್ತಿದ್ದರು. ಒಂದು ದಿನ ನಾನು ಮೇಜಿನ ಒಂದು ತುದಿಯಲ್ಲಿ ಗಾಜಿನ ತಟ್ಟೆಗೆ ಈಥರ್ ಸುರಿಯುತ್ತಿದ್ದೆ. ಸುರಿಯುವ ಮುಂಚೆ, "ಸರ್, ಈಥರ್ ತೆಗೀತಾ ಇದ್ದೇನೆ, ಬರ್ನರ್ ಹೊತ್ತಿಸಬೇಡಿ," ಎಂದು ಹೇಳಿಯೂ ಇದ್ದೆ. ಅವರು ಹೂಂ ಎಂದರು. ಸ್ವಲ್ಪ ಹೊತ್ತಿಗೆ ಇನ್ನೊಂದು ತುದಿಯಲ್ಲಿ ಕಡ್ಡಿ ಗೀರಿದ ಸದ್ದು ಕೇಳಿತು. ತಲೆ ಎತ್ತುವಷ್ಟರಲ್ಲಿ ತೆಳುವಾದ ನೀಲಿ ಉರಿ ಮೇಜಿನ ಮೇಲೆ ನನ್ನತ್ತ ಬರುತ್ತಿತ್ತು. ಸದ್ದಿಲ್ಲ, ಹೊಗೆಯಿಲ್ಲ. ನಾನು ಬಾಟಲಿಯ ಬಾಯಿಗೆ ಬಿರಡೆ ಒತ್ತಿ ಹಿಂದೆ ಸರಿದೆ. ಬಾಟಲಿ ಉಳಿಯಿತು. ಆದರೆ ತಟ್ಟೆಯಲ್ಲಿದ್ದ ಈಥರ್ ಭಗ್ಗೆಂದು ಹತ್ತಿ ನನ್ನ ಸೆರಗಿಗೆ ತಗುಲಿತು. ನೈಲಾನ್ ಸೀರೆ. ಅದು ಉರಿಯುವುದಕ್ಕಿಂತ ಹೆಚ್ಚಾಗಿ ಕರಗಿ ಎಡಗೈಯ ಚರ್ಮಕ್ಕೆ ಅಂಟಿತು. ಸೀಸೆ ತೊಳೆಯುವ ಹೆಂಗಸು ತೊಟ್ಟಿಯ ನೀರನ್ನೇ ನನ್ನ ಮೇಲೆ ಸುರಿದಳು.

ಸೇಠರು ಬಂದು ಕೇಳಿದಾಗ ಮುಖ್ಯಸ್ಥರು ನನಗಿಂತ ಮೊದಲು ಬಾಯಿ ತೆರೆದರು. ಹಿಂದಿಯಲ್ಲಿ ಅವರಿಗೆ ಹೇಳಿದ್ದನ್ನೇ ನನಗೆ ಕೇಳಲೆಂದು ಕನ್ನಡದಲ್ಲೂ ಹೇಳಿದರು:

"ನೈಲಾನ್ ಸೀರಿ ಉಟ್ಕೊಂಡು ಲ್ಯಾಬಿಗೆ ಬರೂದು ಯಾರ ತಪ್ಪು? ಇದೇನು ಸಿನೆಮಾ ನೋಡಾಕ ಬಂದಿರೇನು?"

"ಬೆಂಕಿ ಹಚ್ಚಿದ್ದು ಸೀರೆ ಅಲ್ಲ ಸರ್, ನೀವು," ಎಂದೆ.

ಸೇಠರು ನನ್ನ ಕೈಗೆ ತಮ್ಮದೇ ಕಾರ್ಖಾನೆಯ ಮುಲಾಮು ಹಚ್ಚಿಸಿ ಮನೆಗೆ ಕಳಿಸಿದರು. ಅಂದಿನಿಂದ ನಾನು ನೂಲಿನ ಸೀರೆ ಉಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು ಬರತೊಡಗಿದೆ. ಅವರ ಮಾತು ನಿಜವಾಗಿದ್ದಕ್ಕಲ್ಲ. ನಾನು ಸುಡಬಾರದೆಂಬ ಹಟಕ್ಕೆ. ಅವರ ಚಹಾ ನಿಲ್ಲಲಿಲ್ಲ. ನಾನು ಈಥರ್ ಮುಟ್ಟುವ ಮೊದಲು ಗ್ಯಾಸಿನ ರಬ್ಬರ್ ನಳಿಕೆಯನ್ನೇ ಕಿತ್ತು ನನ್ನ ಡ್ರಾಯರಿನಲ್ಲಿ ಹಾಕಿ ಬೀಗ ಜಡಿಯುತ್ತಿದ್ದೆ. ಅವರು ಅದಕ್ಕೆ ನನ್ನನ್ನು ತಿಂಗಳುಗಟ್ಟಲೆ ಸೀಸೆ ತೊಳೆಯುವ ಕೆಲಸಕ್ಕೆ ಹಾಕಿದರು. ತೊಳೆದೆ.

ಬೇಸಿಗೆ ಬಂತು. ಮುಂಬಯಿಯ ಮೇ ತಿಂಗಳಲ್ಲಿ ಆ ಶೀಟಿನ ಮಾಡಿನ ಕೆಳಗೆ ಈಥರ್ ಬಾಟಲಿಯೊಳಗೇ ಕುದಿಯುವ ಹದಕ್ಕೆ ಬರುತ್ತದೆ. ಬಿರಡೆ ತಾನಾಗಿ ಮೇಲೇಳುತ್ತದೆ. ಮುಖ್ಯಸ್ಥರು ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಫ್ರಿಜ್ಜು. ಸೇಠರ ಮನೆಯಲ್ಲಿ ಹೊಸದು ಬಂದಾಗ ಹಳೆಯದನ್ನು ಲ್ಯಾಬಿಗೆ ಕಳಿಸಿದ್ದರು. ಬಾಗಿಲಿನ ರಬ್ಬರು ಇನ್ನೂ ಗಟ್ಟಿಯಾಗಿತ್ತು, ಮುಚ್ಚಿದರೆ ಗಾಳಿಯಾಡುತ್ತಿರಲಿಲ್ಲ. ಅದರ ಮೇಲಿನ ಅಂಕಣದಲ್ಲಿ ಮುಖ್ಯಸ್ಥರ ಮಜ್ಜಿಗೆಯ ಸ್ಟೀಲ್ ಡಬ್ಬಿ, ಕೆಳಗಿನ ಅಂಕಣದಲ್ಲಿ ಈಥರಿನ ಬಾಟಲಿಗಳು.

ನಾನು ಅವರ ಎದುರು ನಿಂತು ಹೇಳಿದೆ. "ಸರ್, ಇದು ಮನೆಯ ಫ್ರಿಜ್ಜು. ಒಳಗೆ ಬಲ್ಬ್ ಉಂಟು, ಬಾಗಿಲು ತೆಗೆದಾಗಲೆಲ್ಲ ಅದನ್ನು ಹೊತ್ತಿಸುವ ಸ್ವಿಚ್ ಉಂಟು. ತಂಪು ಹೆಚ್ಚು ಕಮ್ಮಿ ಮಾಡುವ ಇನ್ನೊಂದು ಸ್ವಿಚ್ ಉಂಟು. ಒಳಗೆ ಆವಿ ತುಂಬಿದರೆ ಅದರ ಕಿಡಿ ಸಾಕು."

"ತಣ್ಣಗಿದ್ದಲ್ಲೆ ಬೆಂಕಿ ಹೆಂಗ ಬರತೈತ್ರೀ?"

"ಈಥರಿಗೆ ಆ ತಂಪು ಏನೂ ಅಲ್ಲ ಸರ್. ಅಲ್ಲಿಯೂ ಆವಿ ಬಿಡ್ತದೆ. ಹೊರಗಾದರೆ ಗಾಳಿಗೆ ಹೋಗ್ತದೆ. ಪೆಟ್ಟಿಗೆಯೊಳಗೆ ಎಲ್ಲಿಗೆ ಹೋಗುವುದು?"

"ನಿಮ್ಮಪ್ಪಾರ ಹೋಟೆಲಿನ್ಯಾಗ ಫ್ರಿಜ್ ಇಲ್ಲೇನು? ಅದೇನು ದಿನಾ ಸಿಡೀತೈತೇನು?" ಎಂದು ನಕ್ಕರು.

ಸೇಠರಿಗೆ ಹೇಳಿದೆ. ಅವರು ಎರಡೂ ಕೈ ಎತ್ತಿ, "ಆಪ್ ದೋನೋ ಪಢೇ ಲಿಖೇ ಹೋ, ಆಪಸ್ ಮೇ ದೇಖ್ ಲೋ," ಎಂದರು. ನೀವಿಬ್ಬರೂ ಓದಿದವರು, ನೀವೇ ನೋಡಿಕೊಳ್ಳಿ ಎಂದು. ಹೀಗಾಗಿ ನಾವೇ ನೋಡಿಕೊಂಡೆವು. ಬೆಳಿಗ್ಗೆ ನಾನು ಬಾಟಲಿಗಳನ್ನು ತೆಗೆದು ಹಿತ್ತಲಿನ ಕಲ್ಲುಗೋಡೆಯ ಉಗ್ರಾಣದಲ್ಲಿ, ನೆರಳಿನಲ್ಲಿ, ಒದ್ದೆ ಗೋಣಿ ಸುತ್ತಿ ಇಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವು ಮತ್ತೆ ಫ್ರಿಜ್ಜಿನಲ್ಲಿರುತ್ತಿದ್ದವು. ನಾವು ಆ ವಿಷಯ ಮಾತಾಡುವುದನ್ನೂ ಬಿಟ್ಟೆವು. ಬರೀ ತೆಗೆಯುವುದು, ಇಡುವುದು. ಒಂದು ಶನಿವಾರ ಅವರು ಉಗ್ರಾಣಕ್ಕೆ ಹೊಸ ಬೀಗ ಹಾಕಿ ಕೀಲಿಯನ್ನು ಜೇಬಿಗಿಟ್ಟುಕೊಂಡರು. ಅರ್ಧ ಖಾಲಿಯಾದ ಒಂದು ಬಾಟಲಿಯ ಬಿರಡೆ ಸಡಿಲಾಗಿತ್ತು. ಅದನ್ನೂ ನನ್ನ ಕೈಯಿಂದ ಕಿತ್ತುಕೊಂಡು ಫ್ರಿಜ್ಜಿನೊಳಗೆ ತಳ್ಳಿದರು.

ನನಗೆ ತಲೆ ಕೆಟ್ಟಿತು. "ಇದು ಸಿಡಿಯುತ್ತದೆ ಸರ್. ಬರೆದಿಟ್ಟುಕೊಳ್ಳಿ. ನಿಮ್ಮ ಕೈಯಲ್ಲೇ ಸಿಡಿಯುತ್ತದೆ," ಎಂದೆ. ಸೀಸೆ ತೊಳೆಯುವವಳಿಗೂ ಅರ್ಥವಾಗಲೆಂದು ಅದನ್ನೇ ಮರಾಠಿಯಲ್ಲಿ ಹೇಳಿ, ಚೀಲ ಎತ್ತಿಕೊಂಡು ಹೊರಟೆ.

ಭಾನುವಾರ ಕಾರ್ಖಾನೆಗೆ ರಜೆ. ಸೋಮವಾರ ಬೆಳಿಗ್ಗೆ ನಾನು ಹೋದಾಗ ಮುಖ್ಯಸ್ಥರು ಆಗಷ್ಟೇ ಬಂದು ಕೊಡೆ ನೇತುಹಾಕುತ್ತಿದ್ದರು. ಬಾಗಿಲು ದಾಟುತ್ತಲೇ ನನಗೆ ಆ ಸಿಹಿ ವಾಸನೆ ಬಂತು. ನಾನು ಕಿಟಕಿಗಳನ್ನು ತೆಗೆಯುತ್ತ, "ಸರ್, ವಾಸನೆ ಬರ್ತಾ ಉಂಟು. ಫ್ರಿಜ್ ಮುಟ್ಟಬೇಡಿ. ಹೊರಗಿನ ಮೇನ್ ಸ್ವಿಚ್ ಆಫ್ ಮಾಡಿಸುವ," ಎಂದೆ.

"ಬೆಳಗಾಗೂದರಾಗ ಶುರು ಮಾಡಿದ್ರಿ?" ಎಂದರು. ಕೈಯಲ್ಲಿ ಮಜ್ಜಿಗೆಯ ಡಬ್ಬಿ ಇತ್ತು. ನನ್ನ ಮುಖವನ್ನೇ ನೋಡುತ್ತ ಹೋಗಿ ಫ್ರಿಜ್ಜಿನ ಹಿಡಿಯನ್ನು ಎಳೆದರು. ನಾನು ಬೇಡವೆಂದದ್ದಕ್ಕಾಗಿಯೇ ಎಳೆದರು ಎಂಬುದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ.

ಸದ್ದು ನನಗೆ ನೆನಪಿಲ್ಲ. ಎದೆಗೆ ಯಾರೋ ಹಲಗೆಯಿಂದ ಹೊಡೆದಂತಾಯಿತು, ನಾನು ಕಿಟಕಿಯ ಕೆಳಗೆ ಬಿದ್ದಿದ್ದೆ. ಮಾಡಿನ ಶೀಟುಗಳು ಹಾರಿ ಆಕಾಶ ಕಾಣುತ್ತಿತ್ತು. ಫ್ರಿಜ್ಜಿನ ಬಾಗಿಲು ಕೋಣೆಯ ಆ ಕೊನೆಯಲ್ಲಿತ್ತು, ಮುಖ್ಯಸ್ಥರು ಅರ್ಧ ಅದರ ಅಡಿಯಲ್ಲಿದ್ದರು. ಫ್ರಿಜ್ಜಿದ್ದ ಜಾಗದಲ್ಲಿ ಆಳೆತ್ತರದ ಉರಿ. ಪಕ್ಕದ ಕಪಾಟಿನಲ್ಲಿ ಅಸಿಟೋನ್, ಬೆಂಜೀನ್ ಬಾಟಲಿಗಳಿದ್ದವು. ಅವು ಹತ್ತಿಕೊಂಡರೆ ನಾವು ಯಾರೂ ಹೊರಗೆ ಹೋಗುವ ಹಾಗಿರಲಿಲ್ಲ. ನಾನೂ, ಸದ್ದು ಕೇಳಿ ಓಡಿಬಂದ ಸೀಸೆ ತೊಳೆಯುವ ಹೆಂಗಸೂ ಸೇರಿ ಮುಖ್ಯಸ್ಥರ ಕಂಕುಳಿಗೆ ಕೈಹಾಕಿ ಅಂಗಳಕ್ಕೆ ಎಳೆದೆವು. ಅವರ ಹುಬ್ಬು, ಮೀಸೆ ಇರಲಿಲ್ಲ. ಒಂದು ಕಣ್ಣಿನಿಂದ ರಕ್ತ ಇಳಿಯುತ್ತಿತ್ತು. ನಾನು ಅವರ ಮುಖಕ್ಕೂ ಕೈಗೂ ನೀರು ಹೊಯ್ಯುತ್ತಲೇ ಇದ್ದೆ. ಪ್ಯಾಕಿಂಗಿನ ಗಂಡಸರು ಮರಳಿನ ಬಕೆಟ್ಟು ಹಿಡಿದು ಒಳಗೆ ಓಡಿದರು. ಕಪಾಟಿಗೆ ತಲುಪುವ ಮೊದಲೇ ಅವರು ಬೆಂಕಿಯನ್ನು ಮರಳು ಮುಚ್ಚಿ ಆರಿಸಿದರು.

ಟೆಂಪೋದಲ್ಲಿ ಅವರನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಆ ಹೆಂಗಸು ನನ್ನಿಂದ ಸ್ವಲ್ಪ ದೂರ ಸರಿದು ಕುಳಿತಳು. ಇಷ್ಟು ದಿನ ನನ್ನ ಡಬ್ಬಿಯ ಪಲ್ಯ ತಿಂದವಳು. "ಬಾಯಿ, ತುಮಚೀ ಜೀಭ್ ಕಾಳೀ ಆಹೇ," ಎಂದಳು. ನಿಮ್ಮ ನಾಲಿಗೆ ಕಪ್ಪು. ನಮ್ಮಲ್ಲೂ ಹೇಳುತ್ತಾರಲ್ಲ, ನಾಲಿಗೆಯ ಮೇಲೆ ಮಚ್ಚೆ ಇದ್ದವರು ಆಡಿದ್ದೆಲ್ಲ ಆಗುತ್ತದೆ ಎಂದು, ಅದೇ ಅರ್ಥ. ಸಂಜೆಯೊಳಗೆ ಕಾರ್ಖಾನೆಯ ತುಂಬ ಅದೇ ಮಾತು.

ನಾನು ಮೂರ್ನಾಲ್ಕು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಹೋಗಬೇಡವೆಂದು ಅಪ್ಪ ಹೇಳಿದ್ದರು. ವಾರ್ಡಿನ ಹೊರಗೆ ಮುಖ್ಯಸ್ಥರ ಹೆಂಡತಿ ಬೆಂಚಿನ ಮೇಲೆ ಕುಳಿತಿದ್ದರು. ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ. ನಾನು ಯಾರೆಂದು ಹೇಳಿದೆ. ಅವರು ಎದ್ದು ವಾರ್ಡಿನ ಬಾಗಿಲಿಗೆ ಅಡ್ಡ ನಿಂತರು.

"ಅವರದೊಂದು ಕಣ್ಣು ಹೋತು. ನೀವು ಅಂದಿದ್ರಂತಲ್ಲ, ನಿಮ್ಮ ಕೈಯಾಗ ಸಿಡೀತೈತಿ ಅಂತ. ಯಾಕಂದ್ರಿ ಹಂಗ?"

"ಸಿಡಿಯುತ್ತದೆ ಅಂತ ಗೊತ್ತಿತ್ತು, ಅದಕ್ಕೆ ಹೇಳಿದೆ."

"ಗೊತ್ತಿದ್ರ ಸುಮ್ಮನಿರಬೇಕಿತ್ತು. ಅನಬಾರದಿತ್ತು."

ನಾನು ಆಕೆಗೆ ಈಥರ್, ಆವಿ, ಸ್ವಿಚ್ಚು ಎಂದೆಲ್ಲ ಬಿಡಿಸಿ ಹೇಳಬಹುದಿತ್ತು. ಆದರೆ ಆಕೆ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಮಾತು ಕೇಳುತ್ತಿರಲಿಲ್ಲ. ಒಳಗಿನಿಂದ ಮುಖ್ಯಸ್ಥರ ದನಿ ಬಂತು: "ಆಕೀನ ಒಳಗ ಬಿಡಬ್ಯಾಡ." ತಂದಿದ್ದ ಮೂಸಂಬಿಗಳನ್ನು ಬೆಂಚಿನ ಮೇಲಿಟ್ಟೆ. ಆಕೆ ಚೀಲವನ್ನು ಕಾಲಿನಿಂದ ನನ್ನ ಕಡೆ ಸರಿಸಿದರು. ನಾನು ಎತ್ತಿಕೊಂಡು ಬಂದೆ. ಲೋಕಲ್ಲಿನಲ್ಲಿ ಕುಳಿತು ಒಂದೊಂದಾಗಿ ಸುಲಿದು ತಿಂದೆ. ಅಷ್ಟು ಸಿಟ್ಟು ಬಂದಿತ್ತು.

ಮುಂದಿನ ವಾರ ಸರ್ಕಾರದ ಫ್ಯಾಕ್ಟರಿ ಇನ್ಸ್‌ಪೆಕ್ಟರು ಬರುವವರಿದ್ದರು. ಹಿಂದಿನ ದಿನ ಸೇಠರು ನನ್ನನ್ನು ಕ್ಯಾಬಿನ್ನಿಗೆ ಕರೆದು ಚಹಾ ಕೊಟ್ಟರು. ಫ್ರಿಜ್ಜಿನ ಮೋಟಾರು ಹಳೆಯದು, ಅದು ಕೆಟ್ಟು ಸುಟ್ಟಿತು ಎಂದು ಹೇಳಿದರೆ ಯಾರಿಗೂ ತೊಂದರೆಯಿಲ್ಲ, ಈಥರಿನ ಹೆಸರು ಏಕೆ ಎಂದರು. ಮುಖ್ಯಸ್ಥರೂ ಹಾಗೇ ಹೇಳಲು ಒಪ್ಪಿದ್ದಾರಂತೆ. ರಾತ್ರಿ ಊಟಕ್ಕೆ ಕುಳಿತಾಗ ಅಪ್ಪನೂ ಅದನ್ನೇ ಹೇಳಿದರು.

"ನಿನಗೆ ಎಂತ ಆಗ್ಬೇಕು ಮಗಾ? ಅವನ ಕಣ್ಣು ಹೋಯ್ತು, ಇನ್ನು ಅವನ ಕೆಲಸವೂ ಹೋಗ್ಬೇಕಾ?"

"ನನ್ನ ಕೈ ಸುಟ್ಟಾಗ ಅವರು ಸೀರೆಯ ತಪ್ಪು ಅಂದರು. ಈಗ ಮೋಟಾರಿನ ತಪ್ಪು ಅಂತಾರೆ. ನಾಳೆ ಯಾರು ಸತ್ತರೂ ಯಾವುದೋ ಒಂದು ವಸ್ತುವಿನ ತಪ್ಪೇ ಆಗಿರ್ತದೆ," ಎಂದೆ. ಅಪ್ಪ ತಟ್ಟೆಯಲ್ಲಿ ಕೈ ತೊಳೆದು ಎದ್ದರು.

ಇನ್ಸ್‌ಪೆಕ್ಟರು ವಯಸ್ಸಾದ ಮರಾಠಿ ಮನುಷ್ಯ. ಸುಟ್ಟ ಗೋಡೆಯ ಮುಂದೆ ನಿಂತು ನನ್ನನ್ನು ಕೇಳಿದರು. ಏನೇನು ಎಲ್ಲಿತ್ತು, ಯಾರು ಇಟ್ಟರು, ನಾನು ಯಾವಾಗ ಯಾರಿಗೆ ಹೇಳಿದ್ದೆ ಎಂಬುದನ್ನೆಲ್ಲ ಹೇಳಿದೆ. ಸೇಠರಿಗೆ ಹೇಳಿದ್ದನ್ನೂ ಬಿಡಲಿಲ್ಲ. ಸೇಠರು ಅಲ್ಲೇ ನಿಂತಿದ್ದರು. ಅವರು ಕೂಗಾಡಲಿಲ್ಲ. ಇನ್ಸ್‌ಪೆಕ್ಟರ ಜೀಪು ಗೇಟು ದಾಟಿದ ಮೇಲೆ, "ಕಲ್ ಸೇ ಮತ್ ಆಯಿಯೇ," ಎಂದರು, ಅಷ್ಟೆ. ನಾಳೆಯಿಂದ ಬರಬೇಡಿ.

ಕಾರ್ಖಾನೆಗೆ ದಂಡ ಬಿತ್ತೆಂದು ಆಮೇಲೆ ಕೇಳಿದೆ. ಲ್ಯಾಬಿಗೆ ಹೊಸ ಮಾಡು ಬಂತು, ಈಥರನ್ನೂ ಉಳಿದ ದ್ರಾವಕಗಳನ್ನೂ ಇಡಲು ಹಿತ್ತಲಿನಲ್ಲಿ ಬೇರೆ ಕೋಣೆ ಕಟ್ಟಿಸಬೇಕಾಯಿತು. ಮುಖ್ಯಸ್ಥರು ಕಪ್ಪು ಕನ್ನಡಕ ಹಾಕಿಕೊಂಡು ಅದೇ ಕುರ್ಚಿಗೆ ಮರಳಿದರು. ನನ್ನ ಜಾಗಕ್ಕೆ ಅವರ ಅಕ್ಕನ ಮಗ ಬಂದ. ನಾನು ಎಷ್ಟೋ ತಿಂಗಳು ಮನೆಯಲ್ಲಿ ಕುಳಿತು, ಕೊನೆಗೆ ಪರೇಲಿನ ಒಂದು ಬಟ್ಟೆ ಗಿರಣಿಯ ಬಣ್ಣದ ಲ್ಯಾಬಿನಲ್ಲಿ ಕೆಲಸ ಹಿಡಿದೆ.

ಒಂದು ಮಳೆಗಾಲದ ಸಂಜೆ ದಾದರ್ ಸ್ಟೇಷನ್ನಿನ ಸೇತುವೆ ಇಳಿಯುತ್ತಿದ್ದೆ. ಮುಖ್ಯಸ್ಥರು ಹತ್ತಿ ಬರುತ್ತಿದ್ದರು. ಜನ ಕಿಕ್ಕಿರಿದಿದ್ದರು, ಆದರೂ ಅವರ ಒಂದು ಕಣ್ಣಿಗೆ ನಾನು ಕಂಡೆ. ಅವರು ನಿಂತು, ನನ್ನಿಂದ ಕೆಟ್ಟದ್ದು ತಗುಲದಿರಲೆಂಬಂತೆ ಬೆರಳು ಮಡಚಿ ನೆಟಿಗೆ ಮುರಿದರು, ಮೆಟ್ಟಿಲಿನ ಆ ಬದಿಗೆ ಸರಿದು ಗೋಡೆಗೆ ಭುಜ ಉಜ್ಜಿಕೊಂಡು ಮೇಲೆ ಹೋದರು. ಒಂದು ಮಾತಾಡಿಸಬೇಕೆಂದು ನನಗೂ ಅನಿಸಲಿಲ್ಲ. ಹಿಂದಿನವರು ನೂಕುತ್ತಿದ್ದರು, ನಾನು ಇಳಿದು ಹೋದೆ.