ಸಂಜೆಯ ಅಚ್ಚಿಗೆ ಹೊಲಿದ ಸೀಟು

ಬೆಳಿಗ್ಗೆ ಐದೂ ಮುಕ್ಕಾಲು. ಹಚ್ಚೊಳ್ಳಿಯ ಹೊರಗೆ, ಕಾಲುವೆ ಏರಿಯ ಕೆಳಗಿನ ಹೊಲದಲ್ಲಿ ಶಿವಬಸಮ್ಮ ಎರೆಮಣ್ಣು ಕಲಸುತ್ತಿದ್ದಾರೆ. ಮೊಣಕೈವರೆಗೆ ಕಪ್ಪು ಮೆತ್ತಿದೆ. ಕಲಸಿದ ಮಣ್ಣನ್ನು ಅಗಲವಾದ ತಗಡಿನ ತಟ್ಟೆಗೆ ತುಂಬಿ, ಅಂಗೈಯಿಂದ ತಟ್ಟಿ ಸಮ ಮಾಡಿ, ಮೇಲೆ ಗೊಬ್ಬರದ ಚೀಲದ ಒಳಗಿನ ತೆಳು ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಆಮೇಲೆ, ಬೀಡಿ ಹಿಡಿದು ದೂರ ನಿಂತಿರುವ ಮನುಷ್ಯನ ಕಡೆ ತಿರುಗುತ್ತಾರೆ.

"ಬಾ ಅಣ್ಣಾ, ಕುಂದ್ರು."

ತಿಪ್ಪೇಸ್ವಾಮಿ ಐವತ್ತೊಂದು ವರ್ಷದ ಡೋಜರ್ ಡ್ರೈವರ್. ತಟ್ಟೆಯನ್ನೊಮ್ಮೆ, ಆಕೆಯನ್ನೊಮ್ಮೆ ನೋಡುತ್ತಾರೆ.

"ಮಣ್ಣಾಗ ಕುಂದ್ರಬೇಕೇನವ್ವಾ? ಸಣ್ಣಾಂವ ಇದ್ದಾಗ ನಮ್ಮವ್ವ ಇದಕ್ಕ ಬಡೀತಿದ್ಲು."

"ನಿಮ್ಮವ್ವ ಸೀಟು ಹೊಲೀತಿರಲಿಲ್ಲ. ಕುಂದ್ರು. ಹತ್ತು ನಿಮಿಷ ಅಲುಗಾಡಬ್ಯಾಡ."

ಹತ್ತು ನಿಮಿಷದ ನಂತರ ಅವರು ಎದ್ದಾಗ ಮಣ್ಣಿನಲ್ಲಿ ಎರಡು ಗುಂಡಿ ಬಿದ್ದಿವೆ. ಶಿವಬಸಮ್ಮ ಜಾಲಿ ಕಡ್ಡಿ ಇಳಿಬಿಟ್ಟು ಎರಡರ ಆಳವನ್ನೂ ಅಳೆಯುತ್ತಾರೆ, ಕಡ್ಡಿಗೆ ಉಗುರಿನಿಂದ ಗುರುತು ಹಾಕುತ್ತಾರೆ, ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾರೆ.

"ಇದು ಮುಂಜಾನಿ ಅಚ್ಚು. ಮುಂಜಾನಿ ಅಚ್ಚು ಮನಷ್ಯಾಂದು. ಸಂಜಿಕ ಕೆಲಸ ಬಿಟ್ಟ ಕೂಡ್ಲೇ ಇನ್ನೊಂದು ತಗೀತೀನಿ. ಅದು ಮಶೀನಿಂದು."

ಸೀಟು ಯಾವ ಅಚ್ಚಿಗೆ ಹೊಲಿಯುತ್ತೀರಿ ಎಂದು ಕೇಳಿದರೆ ತಡವಿಲ್ಲದೆ ಉತ್ತರ ಬರುತ್ತದೆ: "ಸಂಜೀದಕ್ಕ. ಮುಂಜಾನಿ ಯಾರಿಗೂ ಬೆನ್ನು ನೋಯಂಗಿಲ್ಲ."

ಡೋಜರ್ ಹತ್ತು ಹೆಜ್ಜೆ ಆಚೆ ನಿಂತಿದೆ. ಸಣ್ಣದು, ಚೈನಿನ ಮೇಲೆ ನಡೆಯುವಂಥದ್ದು. ಗಣಿಗಳಲ್ಲಿ ದುಡಿದು ಸವೆದ ಮೇಲೆ ಕುರುಗೋಡಿನ ದೊಡ್ಡಬಸವರಾಜ ಅದನ್ನು ಎರಡು ವರ್ಷದ ಹಿಂದೆ ಹರಾಜಿನಲ್ಲಿ ಹಿಡಿದರು. ಎಂಜಿನ್ ಬಿಚ್ಚಿಸಿ ಕಟ್ಟಿಸಿದರು, ಚೈನಿನ ಪಿನ್ನು ಬದಲಿಸಿದರು, ಮುಂದಿನ ಬ್ಲೇಡಿಗೆ ಹೊಸ ಅಲಗು ಹಾಕಿಸಿದರು, ಮೈತುಂಬ ಹಳದಿ ಬಳಿಸಿದರು. ಸೀಟಿಗೆ ಮಾತ್ರ ಏನೂ ಮಾಡಲಿಲ್ಲ. ಮೂಲ ಸೀಟಿನ ಸ್ಪ್ರಿಂಗ್ ಮುರಿದು ತಳದ ಪ್ಲೇಟು ಸೀಳಿದಾಗ ಅದನ್ನು ಕಿತ್ತು ಬದಿಗಿಟ್ಟು, ನೀಲಿ ಪ್ಲಾಸ್ಟಿಕ್ ಕುರ್ಚಿಯೊಂದರ ನಾಲ್ಕೂ ಕಾಲು ಕತ್ತರಿಸಿ ತಂತಿಯಿಂದ ಬಿಗಿದರು. ಅದರ ಮೇಲೆ ಮಡಚಿದ ಗೋಣಿಚೀಲ. ತಿಪ್ಪೇಸ್ವಾಮಿ ಅದರ ಮೇಲೆ ದಿನಕ್ಕೆ ಹತ್ತು ತಾಸು ಕೂತು ಭತ್ತದ ಗದ್ದೆಗಳನ್ನು ಸಮ ಮಾಡುತ್ತಾರೆ. ಕಾಲುವೆಗೆ ನೀರು ಬಿಡುವುದರೊಳಗೆ ಈ ಸಾಲಿನ ಗದ್ದೆಗಳೆಲ್ಲ ಮುಗಿಯಬೇಕು.

"ಊಟಕ್ಕ ಇಳಿದ್ರೂ ಪಾವ್ ತಾಸು, ಹದಿನೈದು ನಿಮಿಷ, ಚೈನ್ ಹಿಡಕೊಂಡು ನಿಂದಿರ್ತೀನಿ. ಬಲಗಾಲು ನಂದ ಅಲ್ಲ ಅನ್ನಂಗ ಆಕ್ಕೈತಿ," ಎನ್ನುತ್ತಾರೆ ಅವರು. "ಡಾಕ್ಟ್ರು ಮಶೀನು ಬಿಡು ಅಂದ್ರು. ಬಿಟ್ಟು ಏನು ಮಾಡ್ಲಿ? ನನಗ ಬರೋದು ಇದೊಂದ."

ಹೋದ ತಿಂಗಳು ಅವರು ಮೂವತ್ತು ವರ್ಷದಲ್ಲಿ ಮೊದಲ ಸಲ ಮಾಲೀಕರೊಬ್ಬರಿಗೆ ಎದುರು ಮಾತಾಡಿದರು: ಸೀಟು ಹಾಕಿಸಿ, ಇಲ್ಲದಿದ್ದರೆ ಬೇರೆ ಡ್ರೈವರನ್ನು ನೋಡಿಕೊಳ್ಳಿ. ಇಂಥ ಹಳೇ ಡೋಜರ್ ಓಡಿಸಬಲ್ಲವರು ಈ ಕಡೆ ಹೆಚ್ಚಿಲ್ಲ. ಐವತ್ತು ದಾಟಿದ, ಕಾಲು ಜೋಮು ಹಿಡಿದ ಡ್ರೈವರ್‌ಗೆ ಬೇರೆ ಮಶೀನು ಕೊಡುವವರೂ ಇಲ್ಲ. ಎರಡೂ ಇಬ್ಬರಿಗೂ ಗೊತ್ತು. ಹಾಗಾಗಿ ಈ ಸೀಟು ಸರಿ ಬರದಿದ್ದರೆ ತಿಪ್ಪೇಸ್ವಾಮಿಗೆ ಇದೇ ಕೊನೆಯ ಮಶೀನು.

ಶಿವಬಸಮ್ಮನಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆಕೆ ಯಾವ ಎಲೆಯ ಹಿಂದೂ ಅಡಗಿಲ್ಲ. ಕುರುಗೋಡಿನಲ್ಲಿ ಬಸ್ಸು ತಿರುಗುವ ಜಾಗಕ್ಕೆ ಎದುರಾಗಿಯೇ ಆಕೆಯ ತಗಡಿನ ಶೆಡ್ಡು ಇದೆ. ಮೇಲೊಂದು ಬೋರ್ಡು, ಆಕೆಯದೇ ಕೈಬರಹ: "ಸೀಟು ರಿಪೇರಿ. ಡ್ರೈವರ್ ಬರಬೇಕು." ಟ್ರಾಕ್ಟರ್, ಭತ್ತ ಕೊಯ್ಯುವ ಮಶೀನು, ಲಾರಿ, ಜೆಸಿಬಿ, ಏನು ಬಂದರೂ ನಿಯಮ ಒಂದೇ. ಕೂರುವವನೇ ಬಂದು ಕೂರಬೇಕು. ತಿಂಗಳಿಗೆ ಏಳೆಂಟು ಸೀಟು. ಒಂದೊಂದಕ್ಕೂ ಮೂರು ನಾಲ್ಕು ದಿನ. ಎಂಟು ವರ್ಷದಿಂದ ಇದೇ ಕೆಲಸ.

ಅದಕ್ಕೂ ಮೊದಲು ಹದಿನಾಲ್ಕು ವರ್ಷ ಬಳ್ಳಾರಿಯ ಗಾರ್ಮೆಂಟ್ಸ್ ಒಂದರಲ್ಲಿ ಜೀನ್ಸ್ ಹೊಲಿಯುತ್ತಿದ್ದರು. ಪ್ಯಾಂಟಿನ ಹಿಂಭಾಗ ಜೋಡಿಸುವುದು ಆಕೆಯ ಪಾಲಿನ ಕೆಲಸ. "ಹದಿನಾಲ್ಕು ವರ್ಷ ಊರಮಂದಿ ಕುಂಡಿ ಅಳತಿ ಹೊಲದೀನಿ. ಅದು ಹೆಂಗ ಕುಂದ್ರತೈತಿ, ಎಲ್ಲಿ ಹರೀತೈತಿ ನನಗಿಂತ ಚಲೋ ಯಾರಿಗೆ ಗೊತ್ತು?" ಎಂದು ನಗದೇ ಕೇಳುತ್ತಾರೆ.

ಅಲ್ಲಿ ಕೂರಲು ಇದ್ದದ್ದು ಮರದ ಸ್ಟೂಲು. ಮೆತ್ತೆ ಕೇಳಿದರೆ ಸೂಪರ್‌ವೈಸರ್ ಮನೆಯಿಂದ ತಂದುಕೋ ಎಂದ. ಶಿವಬಸಮ್ಮ ಕತ್ತರಿಸಿ ಬಿಸಾಡಿದ ಜೀನ್ಸ್ ಚೂರುಗಳನ್ನೇ ತುಂಬಿ ಒಂದು ಮೆತ್ತೆ ಹೊಲಿದುಕೊಂಡರು. ಪಕ್ಕದವಳು ನನಗೊಂದು ಎಂದಳು, ಅವಳ ಪಕ್ಕದವಳೂ ಎಂದಳು. ಒಂದು ತಿಂಗಳಲ್ಲಿ ಆ ಸಾಲಿನಲ್ಲಿ ನಲವತ್ತು ಮೆತ್ತೆ. ಒಂದು ಸೋಮವಾರ ಬಂದು ನೋಡಿದರೆ ಎಲ್ಲವನ್ನೂ ಒಂದು ಕೋಣೆಯಲ್ಲಿ ಗುಡ್ಡೆ ಹಾಕಿ ಬೀಗ ಜಡಿದಿದ್ದರು. ಮೆತ್ತಗೆ ಕೂತರೆ ಹೆಂಗಸರು ನಿದ್ದೆ ಹೋಗುತ್ತಾರಂತೆ.

"ಬೀಗ ತಗಸಿ ನನ್ನ ಮೆತ್ತಿ ಅಷ್ಟ ಹೊರಗ ತಂದೆ. ಬಗಲಾಗ ಹಿಡಕೊಂಡು ಗೇಟು ದಾಟಿದೆ. ಮತ್ತ ಆ ಕಡೆ ಮಾರಿ ಹಾಕಿಲ್ಲ," ಎನ್ನುತ್ತಾರೆ. ಆ ಮೆತ್ತೆ ಈಗಲೂ ಶೆಡ್ಡಿನ ಹೊಲಿಗೆ ಯಂತ್ರದ ಮುಂದೆ ಇದೆ. ಬೆಸುಗೆ ಕೆಲಸವನ್ನು ಪಕ್ಕದ ಅಂಗಡಿಯ ವಿರೂಪಾಕ್ಷಿಯಿಂದ ಕಲಿತರು. ಹೆಂಗಸರ ಕೈಗೆ ವೆಲ್ಡಿಂಗ್ ರಾಡು ಕೊಟ್ಟರೆ ಗಿರಾಕಿ ಓಡಿಹೋಗುತ್ತಾರೆ ಎಂದು ಆತ ಆರು ತಿಂಗಳು ಸತಾಯಿಸಿದ. ಈಗ ತನಗೆ ಸೂಕ್ಷ್ಮದ ಕೆಲಸ ಬಂದರೆ ಆಕೆಯನ್ನೇ ಕರೆಯುತ್ತಾನೆ.

ಹಚ್ಚೊಳ್ಳಿಗೆ ಬರುವ ಮೂರು ದಿನ ಮೊದಲು ದೊಡ್ಡಬಸವರಾಜ ಮುರಿದ ಸೀಟನ್ನು ಜೀಪಿನಲ್ಲಿ ಹಾಕಿಕೊಂಡು ಶೆಡ್ಡಿಗೆ ಬಂದಿದ್ದರು. ಒಬ್ಬರೇ.

"ಡ್ರೈವರ್ ಎಲ್ರಿ ಸಾವ್ಕಾರ್ರ?"

"ಅವನು ಹೊಲದಾಗ ಅದಾನ. ಕರಕೊಂಡು ಬಂದ್ರ ಒಂದು ದಿನದ ಕೆಲಸ ಹಾಳು. ನಾನ ಕುಂದ್ರತೀನಿ ಬಾ. ಅವನೂ ನಾನೂ ಒಂದ ತೂಕ."

ಬೇಡವೆಂದರೂ ಕೇಳದೆ ಕೂತೇಬಿಟ್ಟರು. ಹತ್ತು ನಿಮಿಷ ಪೂರ್ತಿ ಕೂತರು, ಫೋನಿನಲ್ಲಿ ಮಾತಾಡುತ್ತ. ಎದ್ದ ಮೇಲೆ ಶಿವಬಸಮ್ಮ ತಟ್ಟೆಯನ್ನು ಅವರ ಕಡೆಗೇ ತಿರುಗಿಸಿ ತೋರಿಸಿದರು.

"ಎರಡೂ ಕಡೆ ಸಮ. ಎಲ್ಲೂ ನೋವಿಲ್ಲ. ಕಟ್ಟಿ ಮ್ಯಾಲ ಕುಂತು ಪಂಚಾಯ್ತಿ ಮಾಡೋರ ಅಚ್ಚು ಇದು. ಇದಕ್ಕ ದಿವಾನ ಸೋಫಾ ಮಾಡಿಕೊಡ್ತೀನಿ ಬೇಕಂದ್ರ. ಡೋಜರ್ ಸೀಟು ಆಗಂಗಿಲ್ಲ."

ವಿರೂಪಾಕ್ಷಿ ಕಪ್ಪು ಕನ್ನಡಕ ತೆಗೆದು ನಕ್ಕ. ಸಾವ್ಕಾರ್ರ ಮುಖ ಕೆಂಪಾಯಿತು. "ಒಂದು ಸೀಟಿಗೆ ಇಷ್ಟು ಮೆರಿಬ್ಯಾಡವ್ವಾ. ಬಳ್ಳಾರ್ಯಾಗ ನಿನ್ನಂಥೋರು ನೂರು ಮಂದಿ ಅದಾರ."

"ಅದಾರ. ಹೋಗ್ರಿ," ಎಂದು ಆಕೆ ಅಂಗೈಯಿಂದ ಅವರ ಅಚ್ಚನ್ನು ಅಳಿಸಿದರು.

ಎರಡು ದಿನಕ್ಕೆ ಫೋನು ಬಂತು. ಬಳ್ಳಾರಿಯಲ್ಲಿ ಹೊದಿಕೆ ಹೊಲಿಯುವವರು ಸಿಕ್ಕರು, ಮುರಿದ ತಳ ಕಟ್ಟುವವರು ಸಿಗಲಿಲ್ಲ. ಸೀಟನ್ನು ಶೆಡ್ಡಿಗೆ ಕಳಿಸುತ್ತೇನೆ, ಡ್ರೈವರನ್ನಂತೂ ಕಳಿಸಲಾಗುವುದಿಲ್ಲ, ಬೇಕಾದರೆ ನೀನೇ ಹೊಲಕ್ಕೆ ಹೋಗು ಎಂದರು ದೊಡ್ಡಬಸವರಾಜ. ಅದೇ ಸಂಜೆ ಶಿವಬಸಮ್ಮ ತಟ್ಟೆ ಹಿಡಿದು ಸಿರುಗುಪ್ಪದ ಬಸ್ಸು ಹತ್ತಿದರು. ರಾತ್ರಿ ಅಲ್ಲಿ ಅಕ್ಕನ ಮನೆಯಲ್ಲಿ ಉಳಿದು, ನಸುಕಿನ ಟ್ರಾಕ್ಟರ್ ಹಿಡಿದು ಹಚ್ಚೊಳ್ಳಿ ಮುಟ್ಟಿದರು.

ಬೆಳಗಿನ ಅಚ್ಚು ತೆಗೆದಾದ ಮೇಲೆ ಆಕೆ ಏರಿಯ ಮೇಲೆ ಕೂತು ಡೋಜರನ್ನು ನೋಡುತ್ತಾರೆ. ಉಡಿಯಲ್ಲಿ ಕಲ್ಲುಹರಳು. ತಿಪ್ಪೇಸ್ವಾಮಿ ಹಿಂದೆ ತಿರುಗಿ ನೋಡಿದಾಗಲೆಲ್ಲ ಒಂದು ಹರಳು ಪಕ್ಕಕ್ಕೆ. ಅರ್ಧ ತಾಸಿನಲ್ಲಿ ಅರವತ್ತೆಂಟು. ಹತ್ತು ತಾಸಿಗೆ ಸಾವಿರದ ಮುನ್ನೂರು ದಾಟುತ್ತದೆ. ಪ್ರತಿ ಸಲವೂ ಬಲ ಹೆಗಲಿನ ಮೇಲಿಂದಲೇ, ಏಕೆಂದರೆ ಎಡಗೈ ಲಿವರ್ ಬಿಡುವಂತಿಲ್ಲ. ಸಂಜೆಯ ಅಚ್ಚಿನಲ್ಲಿ ಬಲಗಡೆಯ ಗುಂಡಿ ಎಡದ್ದಕ್ಕಿಂತ ಎರಡು ಬೆರಳು ಆಳವಾಗಿದೆ. ಬೆಳಿಗ್ಗೆ ಎರಡೂ ಹೆಚ್ಚುಕಡಿಮೆ ಒಂದೇ ಇದ್ದವು.

ಮರುದಿನ ಬಳ್ಳಾರಿಯ ಬ್ರೂಸ್‌ಪೇಟೆ. ಫೋಮಿನ ಅಂಗಡಿಯ ವಿಠ್ಠಲ ಆಕೆಯನ್ನು ಕಂಡೊಡನೆ ಶುರುಮಾಡುತ್ತಾರೆ: "ಏನವ್ವಾ, ಡೋಜರ್‌ಗೂ ಗಾದಿ ಏನು? ನಾಳಿ ಎಮ್ಮಿಗೂ ಹೊಲೀತಿ ನೀನು."

"ಎಮ್ಮಿ ಹತ್ತು ತಾಸು ಕುಂತು ದುಡಿಯಂಗಿಲ್ಲಪಾ. ದುಡುದ್ರ ಅದಕ್ಕೂ ಹೊಲೀತೀನಿ. ಗಟ್ಟಿ ಫೋಮ್ ತಗಿ, ಮಾತು ಸಾಕು."

ಶೆಡ್ಡಿನಲ್ಲಿ ಕೆಲಸ ಶುರು: ಕೆಳಗೆ ಗಟ್ಟಿ ಫೋಮು, ಮೇಲೆ ಮೆತ್ತನೆಯದು. ಬೆನ್ನುಹುರಿಯ ತುದಿ ಬರುವ ಕಡೆ ಎರಡು ಬೆರಳಗಲ ಕೊಯ್ದು ಖಾಲಿ ಬಿಡುತ್ತಾರೆ. ಬೆನ್ನು ಒರಗಲು ಹಿಂದೆ ಬೋಲ್ಟಿನಿಂದ ಬಿಗಿದ ಫೋಮಿನ ಪಟ್ಟಿ. ಹೊದಿಕೆಗೆ ರೆಕ್ಸಿನ್ ಇಲ್ಲ, ಜೀನ್ಸ್ ಬಟ್ಟೆ, ಜೋಡಿ ಹೊಲಿಗೆ. "ಈ ಬಿಸಿಲಿಗೆ ರೆಕ್ಸಿನ್ ರೊಟ್ಟಿ ಹಂಚು ಆಕ್ಕೈತಿ." ತಳಕ್ಕೆ ಗುಜರಿ ಬೈಕುಗಳ ನಾಲ್ಕು ಸ್ಪ್ರಿಂಗ್. ಡ್ರೈವರ್ ಕೂತಾಗ ಸೀಟು ಸರಿಯಾಗಿ ಎರಡು ಬೆರಳು ಇಳಿಯಬೇಕು. ಮೂರು ಇಳಿದರೆ ಗುಂಡಿಗೆ ಬಿದ್ದಾಗ ತಳ ಬಡಿಯುತ್ತದೆ. ಒಂದೇ ಇಳಿದರೆ ಸ್ಪ್ರಿಂಗ್ ಇದ್ದೂ ಇಲ್ಲದಂತೆ. ಎಲ್ಲಕ್ಕೂ ಕೆಳಗೆ ದಪ್ಪ ಕಬ್ಬಿಣದ ಹೊಸ ಪ್ಲೇಟು. ಅದರ ಮೇಲೆ ಸೀಟಿನ ಚೌಕಟ್ಟನ್ನಿಟ್ಟು ಆಕೆ ಬಹಳ ಹೊತ್ತು ನೋಡುತ್ತಾರೆ, ಕಡ್ಡಿಗಳ ಗುರುತು ನೋಡುತ್ತಾರೆ, ಚೌಕಟ್ಟನ್ನು ಸ್ವಲ್ಪ ತಿರುಗಿಸುತ್ತಾರೆ, ಕಪ್ಪು ಗಾಜು ಹಿಡಿದು ಬೆಸುಗೆ ಹೊಡೆಯುತ್ತಾರೆ.

ನಾಲ್ಕನೇ ದಿನ ಮತ್ತೆ ಹಚ್ಚೊಳ್ಳಿ. ನೀಲಿ ಕುರ್ಚಿ ಬದುವಿಗೆ ಬಿದ್ದಿದೆ. ನಾಲ್ಕು ಬೋಲ್ಟು ಬಿಗಿದು, ತಿಪ್ಪೇಸ್ವಾಮಿಯನ್ನು ಹತ್ತಿಸಿ, ಶಿವಬಸಮ್ಮ ಸಂದಿಗೆ ಬೆರಳಿಟ್ಟು ಅಳೆಯುತ್ತಾರೆ. ಎರಡು. ಅಷ್ಟರಲ್ಲಿ ಬೈಕಿನಲ್ಲಿ ಬಂದ ದೊಡ್ಡಬಸವರಾಜ ಮಶೀನಿನ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಾರೆ.

"ಸೊಟ್ಟ ಐತಲ್ಲ!"

"ಹೌದು, ಐತಿ."

"ಐತಿ ಅಂದ್ರ?"

"ಬಲಕ್ಕ ತಿರುಗಿಸಿ ಕೂಡಿಸೀನಿ. ಅವನು ದಿನಕ್ಕ ಸಾವಿರದ ಮುನ್ನೂರು ಸಲ ಬಲಕ್ಕ ನೋಡ್ತಾನ. ಸೀಟು ನೆಟ್ಟಗಿದ್ರ ಮನಷ್ಯಾ ಸೊಟ್ಟ ಆಕ್ಕಾನ. ಎರಡರಾಗ ಯಾವುದು ಸೊಟ್ಟ ಇರಬೇಕು, ನೀವ ಹೇಳ್ರಿ."

"ನಾಳಿ ಮಾರಾಕ ಹೋದ್ರ ನೋಡಿದೋರು ನಗ್ತಾರ. ಕಂಪನಿ ಸೀಟು ನೆಟ್ಟಗ ಇತ್ತು."

"ಅದು ಮುರಿದದ್ದಕ್ಕ ಅಲ್ಲೇನ್ರಿ ನನ್ನ ಕರದಿದ್ದು?"

"ನೆಟ್ಟಗ ಮಾಡು."

"ಮಾಡಂಗಿಲ್ಲ." ಆಕೆ ಬೋಲ್ಟು ಬಿಚ್ಚುವ ಪಾನಾವನ್ನು ಅವರ ಮುಂದೆ ಹಿಡಿಯುತ್ತಾರೆ. "ನೀವ ಮಾಡ್ರಿ. ಆದ್ರ ಮೊದಲು ಅವನ್ನ ಇಳಸ್ರಿ."

ದೊಡ್ಡಬಸವರಾಜ ಪಾನಾ ಕಸಿದುಕೊಂಡು ಮೇಲೆ ನೋಡುತ್ತಾರೆ. ತಿಪ್ಪೇಸ್ವಾಮಿ ಇಳಿಯುವುದಿಲ್ಲ. ಎಂಜಿನ್ ಚಾಲೂ ಮಾಡುತ್ತಾರೆ. ಕಪ್ಪು ಹೊಗೆ ಏಳುತ್ತದೆ. ಬಲ ಹೆಗಲಿನ ಮೇಲಿಂದ ಹಿಂದೆ ನೋಡುತ್ತಾರೆ; ನೋಡಲು ಸೊಂಟ ತಿರುಚಬೇಕಾಗಿಲ್ಲ, ಕತ್ತು ಸಾಕು.

"ಸಾವ್ಕಾರ್ರ, ಬದೀಗಿ ಸರೀರಿ. ಹಿಂದಕ ಬರ್ತೀನಿ."

ಸಾವ್ಕಾರ್ರು ಸರಿಯುತ್ತಾರೆ.

ಮಧ್ಯಾಹ್ನ ಒಂದಕ್ಕೆ ಊಟದ ಹೊತ್ತು. ತಿಪ್ಪೇಸ್ವಾಮಿ ಇಳಿದು ಚೈನ್ ಹಿಡಿದು ನಿಲ್ಲುತ್ತಾರೆ. ಕೈ ಬಿಟ್ಟು ಎರಡು ಹೆಜ್ಜೆ ಇಟ್ಟಾಗ ಗಡಿಯಾರದಲ್ಲಿ ಆರು ನಿಮಿಷ ಕಳೆದಿರುತ್ತದೆ. ಪವಾಡವೇನೂ ನಡೆದಿಲ್ಲ. ಎರಡು ವರ್ಷ ಹಾಳಾದ ಬೆನ್ನು ಒಂದು ಬೆಳಗಿಗೆ ನೆಟ್ಟಗಾಗುವುದಿಲ್ಲ.

"ಜೋಮು ಐತಿ," ಎನ್ನುತ್ತಾರೆ ಅವರು, ತೊಡೆಗೆ ಗುದ್ದಿಕೊಳ್ಳುತ್ತ. "ಆದ್ರ ಕಾಲು ನಂದ ಅನಸ್ತೈತಿ. ಈ ಹಂಗಾಮು ಮುಗಸ್ತೀನಿ. ಮುಂದಿಂದೂ ನೋಡ್ತೀನಿ."

ಶಿವಬಸಮ್ಮನಿಗೆ ಆ ಆರು ನಿಮಿಷವೂ ಸಮಾಧಾನವಿಲ್ಲ. "ಬೆನ್ನಿನ ಪಟ್ಟಿ ಇನ್ನೊಂದು ಬೆರಳು ಮುಂದ ಬರಬೇಕು. ಮುಂದಿನ ವಾರ ಬರ್ತೀನಿ ಅಣ್ಣಾ."

"ಬಾ, ಬಾ," ಎಂದು ದೊಡ್ಡಬಸವರಾಜ ಪಾನಾವನ್ನು ಬೈಕಿನ ಚೀಲಕ್ಕೆ ಹಾಕಿಕೊಳ್ಳುತ್ತಾರೆ. "ಇವತ್ತು ಸಂಜಿಕ ಇವನು ಇಳಿದ ಮ್ಯಾಲ ನಾನ ಬಿಚ್ಚಿ ನೆಟ್ಟಗ ಕೂಡಿಸ್ತೀನಿ. ಬಂದು ನೋಡುವಂತಿ."

ವಾಪಸು ಬಸ್ಸಿನಲ್ಲಿ ಆಕೆ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣುವುದಿಲ್ಲ. ಒಂದೇ ಆಸೆ ಇದೆಯಂತೆ. "ಮಶೀನು ಮಾಡೋರು, ಮಾರೋರು, ಕೊಳ್ಳೋರು, ಎಲ್ಲಾರೂ ಒಂದೊಂದು ದಿನ ಹತ್ತು ತಾಸು ಓಡಿಸಬೇಕು. ಓಡಿಸಿ ಬಂದು ನನ್ನ ಮಣ್ಣಾಗ ಕುಂದ್ರಬೇಕು. ಅವರ ಸಂಜಿ ಅಚ್ಚು ನಾನು ನೋಡಬೇಕು."

ಸಂಜೆ ಏಳಕ್ಕೆ ಶೆಡ್ಡಿನಲ್ಲಿ ಫೋನು ಬಡಿದುಕೊಳ್ಳುತ್ತದೆ. ಆಕೆ ಎರೆಮಣ್ಣು ನೆನೆಹಾಕುತ್ತಿದ್ದಾರೆ. ನಾಳೆ ಬೆಳಿಗ್ಗೆ ಸಿರುಗುಪ್ಪದಿಂದ ಲಾರಿ ಡ್ರೈವರ್ ಬರುವವನಿದ್ದಾನೆ. ಕೈ ಕೆಸರಾದ್ದರಿಂದ ಮೊಣಕೈಯಿಂದ ಸ್ಪೀಕರ್ ಒತ್ತುತ್ತಾರೆ. ಪಕ್ಕದಲ್ಲಿ ವಿರೂಪಾಕ್ಷಿ ಕಿವಿ ನಿಮಿರಿಸುತ್ತಾನೆ.

"ಏನವ್ವಾ ಇದು?" ದೊಡ್ಡಬಸವರಾಜರ ದನಿ ಏದುಸಿರು ಬಿಡುತ್ತಿದೆ. "ಮೂರು ಸಲ ಬಿಚ್ಚಿ ಕೂಡಿಸಿದೆ. ಮತ್ತ ಸೊಟ್ಟನ ಕುಂದ್ರತೈತಲ್ಲ!"

"ಬೋಲ್ಟು ನೆಟ್ಟಗ ಅದಾವ ಸಾವ್ಕಾರ್ರ. ಸೊಟ್ಟ ಇರೋದು ಪ್ಲೇಟಿನಾಗ. ಬೆಸಗಿ ಹೊಡದೀನಿ. ನೂರು ಸಲ ಬಿಚ್ಚಿದ್ರೂ ಹಂಗ ಕುಂದ್ರತೈತಿ. ನೆಟ್ಟಗ ಬೇಕಂದ್ರ ಗ್ಯಾಸ್ ಕಟ್ಟರ್ ತಂದು ಸೀಟು ಸುಟ್ಟು ಕೊಯ್ಯಬೇಕು."

ಆ ಕಡೆ ಪಾನಾ ಠಣ್ಣೆಂದು ಬೀಳುತ್ತದೆ. ದೂರದಲ್ಲಿ ಯಾರೋ ನಕ್ಕ ಸದ್ದು, ತಿಪ್ಪೇಸ್ವಾಮಿಯದೇ ಇರಬೇಕು.

"ನಾಲ್ಕೂ ಬೋಲ್ಟು ಬಿಗಿಯಾಗಿ ಹಾಕೀರಿಲ್ಲೋ?" ಎಂದು ಶಿವಬಸಮ್ಮ ಕೇಳುತ್ತಾರೆ.

"ಹಾಕೀನಿ."

"ಮತ್ತ ನನ್ನ ಪಾನಾ ಕಳಸ್ರಿ. ಮುಂದಿನ ವಾರ ಬೆನ್ನಿನ ಪಟ್ಟಿಗೆ ಬೇಕು."