ಬಾಳೆಗಿಡದ ಹಿಂದಿನ ಡೋಲು

೧೯೫೮ರಲ್ಲಿ ನಾನು ಶಿಕಾರಿಪುರದ ಒಂದು ಫೋಟೋ ಸ್ಟುಡಿಯೋದಲ್ಲಿ ಸಹಾಯಕನಾಗಿದ್ದೆ. ಮದುವೆಗಳಿಗೆ ಹೋಗಿ ಚಿತ್ರ ತೆಗೆಯುವುದು, ಬಂದು ರಿಟಚಿಂಗ್ ಮಾಡುವುದು ನನ್ನ ಕೆಲಸ. ರಿಟಚಿಂಗ್ ಎಂದರೆ ಗಾಜಿನ ನೆಗೆಟಿವ್ ಮೇಲೆ ಸಣ್ಣ ಚಾಕು, ಪೆನ್ಸಿಲು, ಕುಂಚ ಆಡಿಸಿ ಮೊಡವೆ, ಸುಕ್ಕು, ಮೆಳ್ಳಗಣ್ಣುಗಳನ್ನು ಇಲ್ಲವಾಗಿಸುವುದು. ಗಿರಾಕಿಗಳು ಅದನ್ನು ಕಲೆ ಎನ್ನುತ್ತಿದ್ದರು. ಸುಳ್ಳಿಗೆ ಇಷ್ಟು ಒಳ್ಳೆಯ ಹೆಸರು ಬೇರೆಲ್ಲೂ ಸಿಕ್ಕಿರಲಾರದು.

ನಾನು ಕಿವುಡ. ಹೈಸ್ಕೂಲಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆಯುತ್ತಿದ್ದವನಿಗೆ ಹದಿನಾರರಲ್ಲಿ ಬಂದ ಜ್ವರ ಕಿವಿಯನ್ನು ಕೊಂಡೊಯ್ದು ನಾಲಿಗೆಯನ್ನು ಬಿಟ್ಟುಹೋಯಿತು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದೆ. ಉತ್ತರ ಕೊಡದೆ ಬಿಡುತ್ತಿರಲಿಲ್ಲ.

ಆ ಬೇಸಿಗೆ ಸೊರಬದಲ್ಲಿ ಜಮೀನುದಾರರೊಬ್ಬರ ಮಗಳ ಮದುವೆ. ತಾಳಿ ಕಟ್ಟುವ ಹೊತ್ತಿನ ಚಿತ್ರ ಬೇಕೇ ಬೇಕು ಎಂದಿದ್ದರು. ಆ ಕ್ಷಣಕ್ಕೆ ಸೀನು, ಕೆಟ್ಟ ಮಾತು ಯಾವುದೂ ಕೇಳಿಸದಿರಲೆಂದು ಓಲಗದವರು ಗಟ್ಟಿಮೇಳ ಬಾರಿಸುತ್ತಾರೆ. ಅಂದರೆ ಇಡೀ ಚಪ್ಪರವನ್ನು ಬೇಕೆಂದೇ ಕಿವುಡು ಮಾಡುವ ಶಾಸ್ತ್ರ. ಆ ಒಂದು ಗಳಿಗೆ ನಾನೂ ಬೀಗರೂ ಸಮ.

ಮುಹೂರ್ತಕ್ಕೆ ಮುಂಚೆ ಡೋಲಿನ ಬಸಪ್ಪನವರು ಬಳಿ ಬಂದರು. ಉಡುತಡಿಯವರು, ಐವತ್ತು ದಾಟಿದವರು.

"ಹುಡುಗ ಇದ್ದಾಗಿಂದ ಬಾರಿಸ್ತಾ ಬಂದೀನ್ರಿ. ಒಂದು ಫೋಟೋದಾಗೂ ನಾನಿಲ್ಲ. ಇದ್ರಾಗೆ ಬರ್ತೀನೇನ್ರಿ?"

"ಬರ್ತೀರಿ" ಎಂದೆ. ಮಾತು ಕೊಟ್ಟಂತಾಯಿತು.

ಸ್ಟ್ಯಾಂಡಿನ ಮರದ ಕಾಲಿಗೆ ಅಂಗೈ ಒತ್ತಿ ಕಾದೆ. ಗಟ್ಟಿಮೇಳ ಶುರುವಾದದ್ದೇ ಅದರ ಅದುರು ನೆಲದಿಂದ ಹತ್ತಿ ಮೊಣಕೈವರೆಗೆ ಬಂತು. ಚಪ್ಪರದಡಿ ಬೆಳಕು ಕಡಿಮೆ. ಲೆನ್ಸನ್ನು ಒಂದು ಪೂರ್ತಿ ಸೆಕೆಂಡು ತೆರೆದಿಡಬೇಕು. ಅಲುಗಬೇಡಿ ಎಂದು ಕೈ ಎತ್ತಿದೆ. ವರ ತಾಳಿ ಹಿಡಿದಂತೆಯೇ ಕಲ್ಲಾದ, ನೆಂಟರೆಲ್ಲ ಕಲ್ಲಾದರು. ಓಲಗದವರು ಮಾತ್ರ ನಿಲ್ಲಿಸುವ ಹಾಗಿರಲಿಲ್ಲ.

ಡಾರ್ಕ್‌ರೂಮಿನಲ್ಲಿ ಪ್ಲೇಟು ತೊಳೆದಾಗ ನಡುವೆ ಸಾಲುಸಾಲು ಬೊಂಬೆಗಳು. ಅಂಚಿನಲ್ಲಿ ಬಸಪ್ಪನವರು, ಅವರ ಬಲಗೈ ಏಳೆಂಟಾಗಿ ಬೀಸಣಿಗೆಯಂತೆ ಬಿಚ್ಚಿಕೊಂಡಿತ್ತು. ಅಂಗೈಗೆ ಬಂದದ್ದೇ ಕಣ್ಣಿಗೂ ಬಂದಿತ್ತು. ಎಷ್ಟೋ ಮದುವೆ ತೆಗೆದಿದ್ದೆ; ಸಂಗೀತ ಕಂಡದ್ದು ಅಂದೇ.

ಜಮೀನುದಾರರು ಪ್ರೂಫ್, ಅಂದರೆ ತಿದ್ದುವ ಮುಂಚಿನ ಪ್ರತಿ, ನೋಡಲು ಸ್ಟುಡಿಯೋಗೆ ಬಂದರು. "ಈ ಮೂಲೇಲಿ ಕೈ ಆಡಿಸ್ತಾ ಇರೋನು ಯಾರು? ಓಲಗದವ್ನಾ? ಅವ ಏನು ನಮ್ಮ ಬೀಗನಾ? ತೆಗೀರಿ ಅವನ್ನ."

"ಅವರಿಲ್ಲದೆ ತಾಳಿ ಕಟ್ಟಿಸ್ತಿದ್ರಾ?" ಎಂದೆ.

"ಬಾರಿಸ್ಲಿಕ್ಕೆ ಬೇಕು. ನೋಡ್ಲಿಕ್ಕೆ ಬ್ಯಾಡ."

"ಹಾಗಾದ್ರೆ ನಿಮಗೂ ನನಗೂ ಒಂದೇ ಕಾಯಿಲೆ. ನಂದು ಕಿವಿಗೆ, ನಿಮ್ದು ಕಣ್ಣಿಗೆ."

ಅವರು ಪ್ರೂಫನ್ನು ಅಲ್ಲೇ ಹರಿದು ಹಾಕಿದರು. ಸ್ಟುಡಿಯೋದ ಯಜಮಾನರು ನನ್ನ ಗಲ್ಲ ಹಿಡಿದು ತಮ್ಮ ತುಟಿಯ ಕಡೆ ತಿರುಗಿಸಿಕೊಂಡರು. "ಕೆಲಸ ಬೇಕೋ, ವಾದ ಬೇಕೋ?"

ವಾದದಲ್ಲಿ ಗೆದ್ದಾಗಿತ್ತು. ಕೆಲಸವೂ ಬೇಕಿತ್ತು. ಚಾಕು ತೆಗೆದುಕೊಂಡೆ.

ಒಂದೊಂದೇ ಕೈ ಕೆರೆದೆ. ಆಮೇಲೆ ಡೋಲು, ಕೊನೆಗೆ ಮುಖ. ಬರಿದಾದ ಜಾಗದಲ್ಲಿ ಕುಂಚದಿಂದ ಒಂದು ಬಾಳೆಗಿಡ ಬರೆದೆ. ಅಸಹ್ಯವೆಂದರೆ, ಅದು ಚೆನ್ನಾಗಿ ಬಂತು. ಯಜಮಾನರು ಬೆನ್ನು ತಟ್ಟಿ, ಒಂದು ಪ್ರತಿಯನ್ನು ಕನ್ನಡಿ ಬೀರುವಿನಲ್ಲಿ ಬೀದಿಗೆ ಕಾಣುವಂತೆ ಇಟ್ಟರು.

ಹದಿನೈದು ದಿನ ಕಳೆದು ಬಸಪ್ಪನವರು ಹೆಂಡತಿಯೊಂದಿಗೆ ಬಂದರು. ಇಸ್ತ್ರಿ ಹಾಕಿದ ಅಂಗಿ. ಬೀರುವಿನ ಮುಂದೆ ಬಗ್ಗಿ ಹುಡುಕಿದರು.

"ನಾನೆಲ್ಲೈದೀನ್ರಿ?"

ಬಾಳೆಗಿಡವನ್ನು ಬೆರಳು ತೋರಿಸಿದೆ. ಅವರು ಗಾಜಿನ ಹತ್ತಿರಕ್ಕೆ ಮುಖ ತಂದು ನೋಡಿದರು.

"ಚಲೋ ಬರ್ದೀರಿ. ಆದ್ರೆ ಚಪ್ಪರಕ್ಕೆ ಗೊನೆ ಇರೋ ಬಾಳೆ ಕಟ್ತಾರ್ರೀ. ಗೊನೆ ಮರ್ತೀರಿ." ಆಮೇಲೆ ನನ್ನ ಕಡೆ ತಿರುಗಿದರು. "ಅಳಿಸಿದ್ಯಾರು?"

ಯಜಮಾನರು, ಜಮೀನುದಾರರು, ಹೊಟ್ಟೆಪಾಡು ಎಂದು ಮೂರು ಕಾರಣ ನಾಲಿಗೆಯ ತುದಿಯಲ್ಲಿದ್ದವು.

"ನಾನೇ" ಎಂದೆ.

ಹೆಂಡತಿ ಏನೋ ಹೇಳುತ್ತ ಆಗಲೇ ಮುಖ ತಿರುಗಿಸಿದ್ದರು. ನನಗೆ ತುಟಿ ಕಾಣಲಿಲ್ಲ.

ಈಗ ಶಿರಾಳಕೊಪ್ಪದಲ್ಲಿ ನನ್ನದೇ ಕ್ಯಾಮೆರಾ ಇದೆ, ಚಾಕು ಇಲ್ಲ. ಮೊಡವೆಯಿದ್ದವರು ಬೇರೆ ಕಡೆ ಹೋಗುತ್ತಾರೆ; ಹೋಗಲಿ. ಫೋಟೋ ತೆಗೆಯುತ್ತೇನೆ ಬನ್ನಿ ಎಂದು ಬಸಪ್ಪನವರಿಗೆ ಎರಡು ಸಲ ಹೇಳಿಕಳಿಸಿದೆ, ಬರಲಿಲ್ಲ. ಈ ಕೆಲಸ ಕಲಿಸಿದ್ದು ಇಷ್ಟೇ: ಬಾಯಿ ಒಂದು ಪಕ್ಷ, ಕೈ ಇನ್ನೊಂದು ಪಕ್ಷ ಹಿಡಿದರೆ ಗಾಜಿನ ಮೇಲೆ ಉಳಿಯುವುದು ಕೈಯ ವಾದ.